ಉಪ್ಪುಂದಕ್ಕೆ ಬಾರದ ಹೇಳಿಕೆ

ಬೆಳಗ್ಗೆ ಆರು ಐವತ್ತಕ್ಕೆ, ಎರಡೂವರೆ ಗಂಟೆ ತಡವಾಗಿ, ಮುಂಬೈ ರೈಲು ಬೈಂದೂರು ನಿಲ್ದಾಣಕ್ಕೆ ಬಂತು. ಇಳಿದವರಲ್ಲಿ ವಿದೇಶದ ಹೆಣ್ಣು ಒಬ್ಬಳೇ.

ಅವಳ ಹೆಸರು ಲಾನ್. ವಿಯೆಟ್ನಾಮಿನ ಕಡಲತಡಿಯ ಊರು ನ್ಯಾ ಚಾಂಗಿನವಳು. ಬೆನ್ನಿಗೆ ತನಗಿಂತ ದೊಡ್ಡ ಚೀಲ, ಕೈಯಲ್ಲಿ ಇಸ್ತ್ರಿ ಕೆಡದಂತೆ ಹಿಡಿದುಕೊಂಡ ರೇಷ್ಮೆ ಉಡುಪಿನ ಪೊಟ್ಟಣ. ಪ್ಲಾಟ್‌ಫಾರ್ಮಿನ ಆಚೆ ತುದಿಯಲ್ಲಿದ್ದ ನವ್ಯಶ್ರೀಯನ್ನು ಕಂಡದ್ದೇ ಚೀಲದ ಸಮೇತ ಓಡಿ ಬಂದಳು.

“ಹ್ವಾಯ್!” ಎಂದು ಕೂಗಿದಳು.

ಚಹಾ ಮಾರುವವನು ತಿರುಗಿ ನೋಡಿದ. ಲಾನ್‌ಗೆ ಬರುತ್ತಿದ್ದ ಕುಂದಾಪುರದ ಮಾತು ಎರಡು. ಒಂದು ಅದು, ಇನ್ನೊಂದು ‘ಎಂತ ಮಾರಾಯ್ತಿ’. ಎರಡನ್ನೂ ಅವಳು ಕಲಿತದ್ದು ನಾರ್ವೆಯಲ್ಲಿ.

ನವ್ಯಶ್ರೀ ಅವಳನ್ನು ಅಪ್ಪಿಕೊಂಡಳು. ನಾಲ್ಕು ಗಂಟೆಗೇ ಬಂದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಅಡ್ಡಾಡಿದ್ದ ಅವಳ ಕಾಲು ಸೋತಿತ್ತು. ರೈಲು ತಡವಾದದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಇನ್ನೂ ಸ್ವಲ್ಪ ತಡವಾಗಿದ್ದರೂ ಆದೀತು ಅನ್ನಿಸಿತ್ತು. ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಬ್ರಹ್ಮಾವರದಲ್ಲಿ ದಿವ್ಯಾಳ ಮದುವೆ. ಅದಕ್ಕಾಗಿ ಲಾನ್ ಎರಡು ವಿಮಾನ, ಒಂದು ರೈಲು ಹತ್ತಿ ಬಂದಿದ್ದಳು. ಐವತ್ತು ಕಿಲೋಮೀಟರ್ ದೂರದ ಉಪ್ಪುಂದದಲ್ಲಿದ್ದ ನವ್ಯಶ್ರೀ ಮಾತ್ರ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನಿಸಿರಲಿಲ್ಲ.

ಅದು 2015ರ ಜನವರಿಯ ಕೊನೆಯ ಭಾನುವಾರ.

ಮೂವರೂ ನಾರ್ವೆಯ ಟ್ರೋಮ್ಸೋ ಎಂಬ ಊರಿನಲ್ಲಿ ಎರಡು ವರ್ಷ ಮೀನುಗಾರಿಕೆಯ ಮೇಲಿನ ಎಂ.ಎಸ್ಸಿ. ಓದಿದವರು. ನವ್ಯಶ್ರೀ ಮತ್ತು ದಿವ್ಯಾ ಮೊದಲ ಸಲ ಭೇಟಿಯಾದದ್ದು 2011ರ ಆಗಸ್ಟಿನಲ್ಲಿ, ಓಸ್ಲೋ ವಿಮಾನ ನಿಲ್ದಾಣದಲ್ಲಿ. ಹಿಂದಿನ ಸಾಲಿನಲ್ಲಿ ಯಾರೋ ಫೋನಿಗೆ, “ತಲ್ಪಿದೆ ಅಂದೆ ಅಲ್ದಾ ಅಮ್ಮ, ಎಷ್ಟ್ ಸಲ ಹೇಳುದ್” ಎಂದು ರೇಗುತ್ತಿದ್ದರು. ನವ್ಯಶ್ರೀ ತಿರುಗಿ, “ನಿಮ್ದ್ ಊರ್ ಎಲ್ಲಾಯ್ತ್?” ಎಂದು ಕೇಳಿದಳು. “ಬ್ರಹ್ಮಾವರ. ನಿಮ್ದ್?” “ಉಪ್ಪುಂದ.” ಇಬ್ಬರೂ ನಗಲು ತೊಡಗಿದವರು ವಿಮಾನ ಹತ್ತುವವರೆಗೂ ನಕ್ಕರು. ಅಲ್ಲಿಂದ ಮುಂದೆ ಒಂದೇ ಅಡುಗೆಮನೆ. ಪಕ್ಕದ ಕೋಣೆಯ ಲಾನ್ ಮೂರನೆಯವಳಾಗಿ ಸೇರಿಕೊಂಡಳು. ಎರಡು ತಿಂಗಳು ಸೂರ್ಯ ಹುಟ್ಟದ ಆ ಊರಿನ ಚಳಿಗಾಲದಲ್ಲಿ ಒಬ್ಬಳು ಹಾಸಿಗೆಯಿಂದ ಏಳದಿದ್ದರೆ ಉಳಿದಿಬ್ಬರು ಎಳೆದು ಎಬ್ಬಿಸುತ್ತಿದ್ದರು. ಮೀನಿನ ತಲೆ ಯಾರಿಗೆ ಎಂಬುದು ಬಿಟ್ಟರೆ ಮೂವರಲ್ಲಿ ಬೇರೆ ಜಗಳವಿರಲಿಲ್ಲ.

ಊರಿಗೆ ಬಂದ ಮೇಲೆ ಆದದ್ದು ವಿಚಿತ್ರ. ಒಂದೂವರೆ ವರ್ಷದಲ್ಲಿ ನವ್ಯಶ್ರೀ ಮತ್ತು ದಿವ್ಯಾ ಸಿಕ್ಕಿದ್ದು ಮೂರೇ ಸಲ. ಮೂರು ಸಲವೂ ಕುಂದಾಪುರದ ಪೇಟೆಯಲ್ಲಿ, ಇಬ್ಬರ ಮನೆಯ ನಡುವೆ. ನವ್ಯಶ್ರೀ ಆಗ ಹೆಮ್ಮಾಡಿಯ ಹತ್ತಿರ ಮೀನು ಸಂಸ್ಕರಣೆಯ ಘಟಕವೊಂದರಲ್ಲಿ ಕೆಲಸಕ್ಕಿದ್ದಳು. ಅವಳ ಅಮ್ಮ ಕಮಲ ಬೈಂದೂರು ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದಳು, ತಮ್ಮ ರತನ್ ಬೋಟಿಗೆ ಹೋಗುತ್ತಿದ್ದ. ದಿವ್ಯಾಳ ತಂದೆ ಚಂದ್ರ ಅವರದು ಬ್ರಹ್ಮಾವರದಲ್ಲಿ ತೆಂಗಿನಕಾಯಿ ವ್ಯಾಪಾರ, ಮೇಲೆ ನಾಲ್ಕೆಕರೆ ಗದ್ದೆ. ‘ಒಂದ್ ದಿನ ಮನಿಗ್ ಬಾ’ ಎಂದು ಇಬ್ಬರೂ ಹೇಳಿಕೊಂಡಿದ್ದರು. ಆ ಒಂದು ದಿನ ಯಾವುದೆಂದು ಇಬ್ಬರೂ ಹೇಳಿರಲಿಲ್ಲ.

ಈ ಕಡೆ ಮದುವೆಗೆ ಕರೆಯುವುದಕ್ಕೆ ಹೇಳಿಕೆ ಎನ್ನುತ್ತಾರೆ. ಅಂಚೆಯಲ್ಲಿ ಕಾಗದ ಬಂದರೆ ಅದು ಸುದ್ದಿ, ಹೇಳಿಕೆಯಲ್ಲ. ಫೋನು ಬಂದರೆ ಅದೂ ಸುದ್ದಿಯೇ. ಮದುವೆ ಮನೆಯ ಹಿರಿಯರೊಬ್ಬರು ಖುದ್ದಾಗಿ ಬರಬೇಕು, ಜಗಲಿಯಲ್ಲಿ ಕೂರಬೇಕು, ಕೊಟ್ಟ ಬೆಲ್ಲ, ನೀರು ಮುಟ್ಟಬೇಕು, ‘ಮನಿಯರ್ ಎಲ್ಲಾ ಬರ್ಕ್’ ಎನ್ನಬೇಕು. ನವ್ಯಶ್ರೀಗೆ ಬಂದದ್ದು ಮೂವರ ವಾಟ್ಸಾಪ್ ಗುಂಪಿಗೆ ಹಾಕಿದ ಕಾಗದದ ಫೋಟೋ, ಅದರ ಕೆಳಗೆ ದಿವ್ಯಾಳ ಒಂದು ಸಾಲು: ‘ಲಾನ್ ಬೈಂದೂರಂಗೆ ಇಳೀತ್. ನೀನ್ ಕರ್ಕಂಡ್ ಬಾ.’

ಕಮಲ ಫೋಟೋ ನೋಡಿ ಕೇಳಿದ್ದು ಒಂದೇ ಮಾತು. “ಮನಿಗ್ ಬಂದ್ ಹೇಳುದಿಲ್ಯಾ?”

“ಬತ್ರ್ ಕಾಣ್” ಎಂದಿದ್ದಳು ನವ್ಯಶ್ರೀ. ಒಂದು ವಾರ ಹೋಯಿತು, ಮೂರು ವಾರ ಹೋಯಿತು. ಗೇಟಿನ ಹತ್ತಿರ ಕಾರಿನ ಸದ್ದಾದರೆ ಅವಳು ಒಳಗಿನಿಂದ ಇಣುಕುವುದನ್ನು ರತನ್ ಗಮನಿಸಿದ.

“ಅವ್ರದ್ದೂ ತಪ್ಪಿಲ್ಲ ಅಮ್ಮ” ಎಂದ. “ವಾಟ್ಸಾಪಂಗೆ ಬೆಲ್ಲ, ನೀರ್ ಕೊಡುಕಾತ್ತಿಲ್ಲೆ ಅಲ್ದಾ?”

“ಬಾಯ್ ಮುಚ್ಚ್” ಎಂದಳು ನವ್ಯಶ್ರೀ.

“ನಾನ್ ಮುಚ್ಚ್ತೆ. ಮೀನಿನೋರ್ ಮನಿ ಅಂದೇಳಿ ಬರ್ಲಿಲ್ಲ ಅಂತ ಊರ್ ಹೇಳುದ್ ಮುಚ್ಚುಕಾತ್ತಾ?”

ಅದೇ ಮಾತು ಅವಳೊಳಗೆ ಕೂತುಬಿಟ್ಟಿತ್ತು.

ನಿಲ್ದಾಣದಿಂದ ಆಟೋದಲ್ಲಿ ಮನೆಗೆ ಬಂದಾಗ ಅಂಗಳಕ್ಕೇ ವಾಸನೆ ಬಂತು. ಬಂಗ್ಡೆ ಸಾರು. ನವ್ಯಶ್ರೀ ಹೊಸ್ತಿಲಲ್ಲಿ ನಿಂತಳು. ಮದುವೆ ದೇವಸ್ಥಾನದ ಸಭಾಭವನದಲ್ಲಿ. ದೇವಸ್ಥಾನಕ್ಕೆ ಹೋಗುವ ದಿನ ಬೆಳಗ್ಗೆ ಈ ಮನೆಯ ಒಲೆಯ ಮೇಲೆ ಮೀನು ಏರುವುದಿಲ್ಲ. ಅಮ್ಮ ತನ್ನ ತೀರ್ಮಾನವನ್ನು ಬೇಯಿಸಿ ಇಟ್ಟಿದ್ದಳು.

“ಅಮ್ಮ, ಇವತ್ತ್ ಮೀನ್ ಎಂತಕ್ ಮಾಡಿದ್ದ್?”

“ನೆಂಟ್ರ್ ಬಂದಿರಲೆ. ಅಷ್ಟ್ ದೂರದಿಂದ ಬಂದ್ ಹೆಣ್ಣಿಗ್ ಬರೀ ಚಟ್ನಿ ಹಾಕುಕಾತ್ತಾ?”

“ಅದ್ ಮದಿಗ್ ಹೋಪುಕ್ ಬಂದದ್.”

“ಹೋಯ್ಲಿ. ಫೋನಂಗೆ ಕರ್ದ್ರೆ ಹೋಪುದ್ ಅದ್ರ್ ಊರಿನ ಪದ್ಧತಿ ಇರುಕೂ ಸಾಕ್. ನಿನ್ ಊರ್ ಯಾವ್ದ್?”

ಲಾನ್‌ಗೆ ಮಾತು ಅರ್ಥವಾಗಲಿಲ್ಲ, ಸಾರು ಅರ್ಥವಾಯಿತು. ಚಕ್ಕಳಮಕ್ಕಳ ಕೂತು ದೋಸೆಯ ಜೊತೆ ಎರಡು ಬಂಗ್ಡೆ ಮುಗಿಸಿದಳು. ಮುಳ್ಳನ್ನು ತಟ್ಟೆಯ ಅಂಚಿಗೆ ಒಪ್ಪವಾಗಿ ಜೋಡಿಸುವುದನ್ನು ಕಂಡು ಕಮಲಳ ಮುಖ ಸಡಿಲಾಯಿತು. “ಹೆಣ್ಣ್ ತಿಂಬುದ್ ಕಾಣ್. ಸಮುದ್ರದ ಬದಿಯದ್ದೇ ಸೈ” ಎಂದಳು. ನವ್ಯಶ್ರೀ ದೋಸೆಗೆ ಬೆಲ್ಲ ಹಾಕಿಕೊಂಡಳು. ಮೀನಿನ ಪಾತ್ರೆಯ ಕಡೆ ಕೈ ಚಾಚಲಿಲ್ಲ. ಅಮ್ಮ ಅದನ್ನು ನೋಡಿದಳು, ಬುಟ್ಟಿ ಎತ್ತಿಕೊಂಡು ಮಾರುಕಟ್ಟೆಗೆ ಹೊರಟಳು. ಭಾನುವಾರ ವ್ಯಾಪಾರದ ದಿನ.

ನವ್ಯಶ್ರೀ ಉಟ್ಟದ್ದು ಮದುವೆಗೂ ಆಗುವ, ಪೇಟೆಗೆ ಹೋಗಿ ಬರಲೂ ಆಗುವಂಥ ಸೀರೆ.

ಬಸ್ಸಿನಲ್ಲಿ ಅವಳು ಲಾನ್‌ಗೆ ಎಲ್ಲವನ್ನೂ ಹೇಳಿದಳು. ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಕಿಟಕಿಯಿಂದ ಕೆಂಪು ಧೂಳು ಒಳಗೆ ಬರುತ್ತಿತ್ತು. ಲಾನ್ ರೇಷ್ಮೆಯ ಪೊಟ್ಟಣವನ್ನು ಮಡಿಲಲ್ಲಿ ಅಪ್ಪಿ ಕೂತಿದ್ದಳು.

“ನಮ್ಮಲ್ಲೂ ಕಾಗದವನ್ನು ಎರಡೂ ಕೈಯಲ್ಲಿ ಕೊಡಬೇಕು” ಎಂದಳು. “ಆದರೆ ನೀನು ಫೋನ್ ಮಾಡಿ ಕೇಳಬಹುದಿತ್ತಲ್ಲ?”

“ಕೇಳಿ ಪಡೆದರೆ ಅದು ಹೇಳಿಕೆ ಆಗುವುದಿಲ್ಲ.”

“ಹಾಗಾದರೆ ಕೇಳದೆ ಸಿಟ್ಟಾಗುವುದು ಪದ್ಧತಿ?”

“ಹೌದು.”

“ಎಂತ ಮಾರಾಯ್ತಿ!” ಎಂದಳು ಲಾನ್. ಮುಂದಿನ ಸೀಟಿನ ಅಜ್ಜಿ ಬೆಚ್ಚಿ ಹಿಂತಿರುಗಿದಳು.

ನವ್ಯಶ್ರೀಗೆ ನಗು ಬಂತು, ನಿಲ್ಲಲಿಲ್ಲ. ಕಿರಿಮಂಜೇಶ್ವರ, ನಾವುಂದ, ಮರವಂತೆ ದಾಟಿದವು. ಕಾಗದದ ಫೋಟೋವನ್ನು ಮತ್ತೆ ತೆರೆದು ನೋಡಿದಳು. ವರ ಯೋಗೀಶ್, ಕುಂದಾಪುರದವನು, ಬ್ಯಾಂಕಿನಲ್ಲಿ ಕೆಲಸ. ಫೋನನ್ನು ಚೀಲಕ್ಕೆ ಹಾಕಿದಳು, ಹೊರಗೆ ತೆಗೆದಳು. ದಿವ್ಯಾ ಬೇಕೆಂದೇ ಬಿಟ್ಟಳೋ, ಮರೆತಳೋ? ಮರೆತದ್ದಾದರೆ ಅದು ಇನ್ನೂ ಕೆಟ್ಟದ್ದು ಅನ್ನಿಸಿತು. ಬೇಕೆಂದೇ ಬಿಟ್ಟಿದ್ದರೆ ಕೊನೆಗೆ ತನ್ನ ನೆನಪಾದರೂ ಆಗಿತ್ತಲ್ಲ.

ಕುಂದಾಪುರದಲ್ಲಿ ಇಳಿಯುವಾಗ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಲಾನ್‌ಳನ್ನು ಬ್ರಹ್ಮಾವರದ ಬಸ್ಸಿಗೆ ಹತ್ತಿಸುವುದು, ಇಳಿಸಲು ನಿರ್ವಾಹಕನಿಗೆ ಹೇಳುವುದು, ತಾನು ಮರಳುವುದು.

“ಬ್ರಹ್ಮಾವರ, ಉಡ್ಪಿ, ಉಡ್ಪೀ... ಹತ್ತಿ ಹತ್ತಿ, ಸೀಟ್ ಇತ್ತ್!”

ಲಾನ್ ಹತ್ತಿದಳು. ನವ್ಯಶ್ರೀ ಬಾಗಿಲ ಸರಳು ಹಿಡಿದು ಕೆಳಗೇ ನಿಂತಳು. ಒಳಗಿನಿಂದ ಲಾನ್, “ನೀನು?” ಎಂದಳು. ನವ್ಯಶ್ರೀ ಉತ್ತರಿಸುವ ಮೊದಲು ನಿರ್ವಾಹಕ ಮಾತಾಡಿದ.

“ಅಕ್ಕ, ನೀವ್ ಬಪ್ಪುದಾ, ಫೋಟೋಕ್ಕೆ ನಿಂತದ್ದಾ?”

ಅಷ್ಟರಲ್ಲಿ ಫೋನು ಬಂತು. ಗೊತ್ತಿಲ್ಲದ ನಂಬರು.

“ನವ್ಯಶ್ರೀಯಾ? ನಾನ್ ದಿವ್ಯಾನ ಚಿಕ್ಕಮ್ಮ, ಉಮಾವತಿ. ಎಲ್ಲಿದ್ದೆ ಮಾರಾಯ್ತಿ ನೀನ್? ಇಲ್ಲ್ ಮದಿ ಹೆಣ್ಣ್ ತಲಿ ಬಿಟ್ಕಂಡ್ ಕೂತಿತ್ತ್. ನನ್ ಜಡೆ ನವ್ಯನೇ ಹಾಕ್ಕ್, ಬೇರೆ ಯಾರೂ ಮುಟ್ಟುಕಾಗ ಅಂಬ್ರ್. ಬ್ಯೂಟಿ ಪಾರ್ಲರಿನ ಹೆಣ್ಣ್ ಮುಖ ಉಬ್ಬಿಸ್ಕಂಡ್ ಹೊರ್ಗೆ ಕೂತಿತ್ತ್. ಬೇಗ ಬಾ ಕಾಂಬ.”

ಟ್ರೋಮ್ಸೋದಲ್ಲಿ ಭಾನುವಾರ ಬೆಳಗ್ಗೆ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ದಿವ್ಯಾ ತಲೆ ಕೊಡುತ್ತಿದ್ದಳು. ಸೊಂಟದ ತನಕದ ಕೂದಲು. ಅದನ್ನು ತಾನೇ ಹೆಣೆದುಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿರಲಿಲ್ಲ.

ಬಸ್ಸು ಕದಲಿತು. ನವ್ಯಶ್ರೀ ಹತ್ತಿದಳು.

ತೆಕ್ಕಟ್ಟೆಯಲ್ಲಿ ಅಗೆದ ರಸ್ತೆಯ ಬದಿ ಬಸ್ಸು ಕಾಲು ಗಂಟೆ ನಿಂತಿತು. ಅವಳು ಎದ್ದು ಮುಂದೆ ನೋಡಿ ಬಂದು ಕೂತಳು, ಮತ್ತೆ ಎದ್ದಳು. ಲಾನ್ ಗೆಳತಿಯ ಸೀರೆಯ ಸೆರಗಿನ ಧೂಳು ಕೊಡವಿದಳು.

ಸಭಾಭವನದ ಹಿಂದಿನ ಕೋಣೆಯಲ್ಲಿ ದಿವ್ಯಾ ಕನ್ನಡಿಯ ಎದುರು ಕೂತಿದ್ದಳು. ಮೊದಲು ಲಾನ್‌ಳನ್ನು ಅಪ್ಪಿಕೊಂಡಳು, ಕಣ್ಣು ಒರೆಸಿದಳು, ಆಮೇಲೆ ನವ್ಯಶ್ರೀಗೆ ಬೈದಳು.

“ಈಗ ಬಂದ್ಯಾ? ನಿನ್ನೆಯೇ ಬತ್ತೆ ಅಂದೇಳಿ ಕಾದದ್ ನಾನ್.”

“ಯಾರ್ ಹೇಳಿರ್ ನಿನ್ನೆ ಬತ್ತೆ ಅಂತ?”

“ಹೇಳುದ್ ಎಂತ ಇತ್ತ್ ಅದ್ರಗೆ? ತಗೋ ಬಾಚಣಿಗಿ.”

ನವ್ಯಶ್ರೀ ಬಾಚಣಿಗೆ ತೆಗೆದುಕೊಂಡಳು. ಲಾನ್ ಮೂಲೆಯಲ್ಲಿ ತನ್ನ ನೀಲಿ ರೇಷ್ಮೆಯನ್ನು ಉಡತೊಡಗಿದಳು. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಬಿಡಿಸಿ ಕೊಡುತ್ತಿದ್ದ ಉಮಾವತಿಗೆ ಸುಮ್ಮನಿರುವ ಅಭ್ಯಾಸವಿಲ್ಲ. ಮದುವೆ ಓಡಾಟದ ಕತೆ ತೆಗೆದಳು. ಹೇಳಿಕೆಗೆಂದು ತಾನೂ ಭಾವ ಚಂದ್ರನವರೂ ಹದಿನೈದು ದಿನ ಕಾರಿನಲ್ಲಿ ಸುತ್ತಿದ್ದು, ಕೊನೆಗೆ ನಾವುಂದದಲ್ಲಿ ಅತ್ತೆ ಮಗಳ ಮನೆಯಲ್ಲಿ ಮುಗಿಸಿದ್ದು.

ನವ್ಯಶ್ರೀಯ ಕೈ ನಿಂತಿತು. “ನಾವುಂದಕ್ ಬಂದಿದ್ರಾ?”

“ಬಂದಿದ್ದಿತಲೆ. ಅಲ್ಲಿಂದ ಉಪ್ಪುಂದ ಎಷ್ಟ್ ದೂರ, ಹತ್ತ್ ಹದ್ನೈದ್ ನಿಮಿಷ. ಭಾವ ಮನಿಯಿಂದ ಹೊರ್ಡುವತಿಗೇ ಕೇಂಡ್ರ್, ಅಲ್ಲಿಗೂ ಹೋಯ್ಕಾ ಅಂದೇಳಿ. ಅದ್ ನಮ್ಮನಿ ಹೆಣ್ಣ್, ಅದ್ಕ್ ಹೇಳ್ಕಿ ಎಂತಕ್ ಅಂತ್ ಈ ಮದಿ ಹೆಣ್ಣ್. ಭಾವಂಗೂ ಅಷ್ಟೇ ಬೇಕಾಯ್ತ್.”

ಕೊನೆಯ ಮಾತು ಹೊರಬಿದ್ದ ಮೇಲೆ ಉಮಾವತಿಗೆ ಅದು ಬೇಡವಾಗಿತ್ತು ಅನ್ನಿಸಿರಬೇಕು. ಪಿನ್ನು ತರುತ್ತೇನೆಂದು ಹೊರಗೆ ಹೋದಳು.

ದಿವ್ಯಾ ಕನ್ನಡಿಯಲ್ಲಿ ಗೆಳತಿಯ ಮುಖ ನೋಡಿದಳು.

“ಎಂತ ಆಯ್ತೇ? ನೀನ್ ನಮ್ಮನಿಯಳ್ ಅಲ್ದಾ? ಮನಿಯರಿಗ್ ಯಾರಾರೂ ಹೇಳ್ಕಿ ಮಾಡ್ತ್ರಾ?”

ಅದು ನಿಜ. ಮನೆಯವರಿಗೆ ಹೇಳಿಕೆ ಇಲ್ಲ. ಮಗಳಿಗೆ, ಸೊಸೆಗೆ, ತಂಗಿಗೆ ಯಾರೂ ಕಾಗದ ಹಿಡಿದು ಹೋಗುವುದಿಲ್ಲ. ದಿವ್ಯಾ ಅವಳನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡಿದ್ದಳು. ಮೂರು ವಾರ ಗೇಟು ನೋಡುತ್ತ ಕೂತವಳಿಗೆ ಅದು ಹೊಳೆದಿರಲಿಲ್ಲ. ಎದೆಯಲ್ಲಿದ್ದುದು ಅರ್ಧ ಕರಗಿತು. ಉಳಿದರ್ಧ ಕರಗಲಿಲ್ಲ.

“ನಾನ್ ನಿಮ್ಮನಿಯಳ್. ಅಡ್ಡಿಲ್ಲ” ಎಂದಳು ನವ್ಯಶ್ರೀ. “ನನ್ ಅಮ್ಮ ಯಾರ್ ಮನಿಯದ್?”

ಹೊರಗೆ ನಾಗಸ್ವರದವರು ಶ್ರುತಿ ನೋಡುತ್ತಿದ್ದರು.

“ಅದ್ ನನ್ ತಲಿಗ್ ಹೋಯ್ಲಿಲ್ಲೆ” ಎಂದಳು ದಿವ್ಯಾ.

“ನಿನ್ ಅಪ್ಪಯ್ಯಂಗ್ ಹೋಯಿತ್ತಾ?”

ದಿವ್ಯಾ ತಲೆ ತಗ್ಗಿಸಿದಳು. ಜಡೆ ಕೈತಪ್ಪಿತು. ನವ್ಯಶ್ರೀ ಅವಳ ಗಲ್ಲ ಹಿಡಿದು ಮುಖವನ್ನು ಮತ್ತೆ ಕನ್ನಡಿಗೆ ನೇರ ಮಾಡಿದಳು. “ಅಲುಗಾಡ್ಬ್ಯಾಡ” ಎಂದು ಜಡೆಯನ್ನು ಬಿಚ್ಚಿ ಮೊದಲಿನಿಂದ ಹೆಣೆದಳು. ಮಲ್ಲಿಗೆಯನ್ನು ಸುತ್ತು ಸುತ್ತಾಗಿ ಮುಡಿಸಿದಳು. ಹದಿನೈದು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯಿತು. ಪುರೋಹಿತರು ಎರಡು ಸಲ ಹೇಳಿ ಕಳಿಸಿದರು.

ಮುಹೂರ್ತಕ್ಕೆ ಅವಳು ಮಂಟಪದ ಬದಿಯಲ್ಲಿ, ಮನೆಯವರ ಸಾಲಿನಲ್ಲಿ ನಿಂತಳು. ಆರತಿ ತಟ್ಟೆ ಹಿಡಿದಳು, ಮದುಮಗಳ ಸೆರಗು ಸರಿ ಮಾಡಿದಳು, ಬಾಯಾರಿದ ಯೋಗೀಶನಿಗೆ ನೀರು ತಂದುಕೊಟ್ಟಳು. ಧಾರೆ ಮುಗಿಯಿತು. ಊಟಕ್ಕೆ ಎಲೆ ಹಾಕಿದ ಸುದ್ದಿ ಬಂದು ಜನ ಎದ್ದರು. ಲಾನ್ ಅವಳ ಕೈ ಎಳೆದಳು.

“ನೀನು ಹೋಗಿ ಉಣ್ಣು. ನಾನು ಕೂರುವುದಿಲ್ಲ.”

“ಇನ್ನೂ ಸಿಟ್ಟೇ?”

“ದಿವ್ಯಾಳ ಮೇಲಲ್ಲ. ಕೆಲಸ ನನ್ನದು, ಮಾಡಿದೆ. ಊಟ ಕರೆದ ಮನೆಯವರಿಗೆ. ನನ್ನ ಮನೆಯನ್ನು ಕರೆದಿಲ್ಲ.”

ಲಾನ್ ಅವಳ ಕೈ ಬಿಟ್ಟು ಪಂಕ್ತಿಗೆ ಹೋದಳು.

ನವ್ಯಶ್ರೀ ಚಪ್ಪಲಿ ಹುಡುಕುತ್ತಿದ್ದಾಗ ಚಂದ್ರ ಅವಳನ್ನು ಕಂಡರು. ಹೆಗಲ ಮೇಲಿನ ಶಾಲು ಸರಿಪಡಿಸಿಕೊಳ್ಳುತ್ತ ಬೇಗ ಬೇಗ ಬಂದರು.

“ಹ್ವಾಯ್, ಎಲ್ಲಿಗ್ ಹೋಪುದ್? ಊಟ ಮಾಡ್ಕಂಡೇ ಹೋಯ್ಕ್.”

“ಇಲ್ಲೆ, ನಾನ್ ಬತ್ತೆ.”

“ಮದಿ ಮನಿಯಿಂದ ಉಪಾಸ ಹೋಪುದಾ? ಕಂಡರ್ ಎಂತ ಹೇಳುದಿಲ್ಲ?”

“ಮನಿ ಹೆಣ್ಣ್ ಕಡಿ ಪಂಕ್ತಿಗಲ್ದಾ ಕೂಕಂಬುದ್? ಅಷ್ಟೊತ್ತಿಗ್ ನಂಗ್ ಬಸ್ಸಿಲ್ಲೆ” ಎಂದು ನಕ್ಕಳು. ಅವರೂ ನಗಲು ನೋಡಿದರು. ಅವಳು ನಗು ನಿಲ್ಲಿಸಿ ಹೇಳಿದಳು: “ಅಮ್ಮಂಗ್ ಹೇಳ್ಕಿ ಬರ್ಲಿಲ್ಲ. ನಾನಿಲ್ಲಿ ಉಂಡ್ ಹೋರೆ ಅಮ್ಮನ ಮುಖ ಕಾಂಬುದ್ ಹ್ಯಾಂಗೆ?”

ಚಂದ್ರ ಹೆದ್ದಾರಿಯ ಕಡೆ ನೋಡಿದರು. ಯಾರೋ ಅವರನ್ನು ಹೆಸರು ಹಿಡಿದು ಕರೆದರು. ತಿರುಗಲಿಲ್ಲ.

“ಆ ದಿನ ನಾವುಂದದಗೇ ಹೊತ್ತಾಯಿತ್ತ್” ಎಂದರು.

ಹೊತ್ತಾಗಿದ್ದಿರಬಹುದು. ಅವಳು ಮುಂದೆ ಕೇಳ ಹೋಗಲಿಲ್ಲ. ತಲೆಯಾಡಿಸಿ ರಸ್ತೆಗೆ ಇಳಿದಳು.

ಬಸ್ಸು ನಿಲ್ಲುವಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಎರಡು ಬಸ್ಸು ಬಂದವು, ಹೋದವು. ಅವಳು ಹತ್ತಲಿಲ್ಲ. ಮೂರನೆಯದು ಬರುವ ಮೊದಲು ನೀಲಿ ರೇಷ್ಮೆಯ ಲಾನ್ ಓಡುತ್ತ ಬಂದಳು.

“ನಾನು ಚೆನ್ನಾಗಿ ಉಂಡೆ. ಪಾಯಸ ಎರಡು ಸಲ. ನಿನ್ನ ಸಿಟ್ಟಿಗೆ ನಾನು ಯಾಕೆ ಹಸಿದಿರಲಿ?”

“ದಿವ್ಯಾ ಕೇಳಿದಳಾ?”

“ಕೇಳಿದಳು. ಹೋದಳು ಅಂದೆ. ಅವಳೂ ಎಲೆಯ ಮುಂದೆ ಸುಮ್ಮನೆ ಕೂತಿದ್ದಳು. ಗಂಡ ಬಲವಂತ ಮಾಡಿ ಒಂದು ತುತ್ತು ತಿನ್ನಿಸಿದ. ಎಲ್ಲರೂ ಫೋಟೋ ತೆಗೆದರು.”

ಸಂಜೆ ನಾಲ್ಕರ ಹೊತ್ತಿಗೆ ಮನೆಗೆ ಬಂದಾಗ ಕಮಲ ಖಾಲಿ ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದಳು.

“ಉಂಡ್ಯಾ?”

“ಇಲ್ಲೆ.”

ಕಮಲ ಮಗಳ ಮುಖ ನೋಡಿದಳು. ಕೈ ಒರೆಸಿಕೊಂಡು ಒಳಗೆ ಹೋಗಿ ಅನ್ನ ಬಡಿಸಿದಳು. ಉಣ್ಣುತ್ತ ನವ್ಯಶ್ರೀ ನಡೆದದ್ದನ್ನೆಲ್ಲ ಹೇಳಿದಳು, ನಾವುಂದದ್ದನ್ನೂ ಬಿಡದೆ. ರತನ್ ಬಾಗಿಲಿಗೆ ಒರಗಿ ಕೇಳಿಸಿಕೊಂಡ. ಈ ಸಲ ತಮಾಷೆ ಮಾಡಲಿಲ್ಲ. ಕಮಲ ನಡುವೆ ಒಂದೇ ಪ್ರಶ್ನೆ ಕೇಳಿದಳು.

“ಆ ಹೆಣ್ಣ್ ಜಡಿಗ್ ಕಾದ್ ಕೂತದ್ ಹೌದಾ?”

“ಹೌದ್.”

ಬುಧವಾರ ಬೆಳಗ್ಗೆ ಕಮಲ ಮಾರುಕಟ್ಟೆಗೆ ಹೋಗಲಿಲ್ಲ. ಮದುವೆಗಳಿಗೆ ಉಡುವ ಸೀರೆ ಉಟ್ಟು, ಒಂದು ಚಿಪ್ಪು ಬಾಳೆಹಣ್ಣು ಕಟ್ಟಿಕೊಂಡು ಅಂಗಳಕ್ಕೆ ಇಳಿದಳು. ಮದುಮಕ್ಕಳನ್ನು ಊಟಕ್ಕೆ ಹೇಳಲು ಬ್ರಹ್ಮಾವರಕ್ಕೆ ಹೊರಟಿದ್ದಾಳೆ ಎಂದು ತಿಳಿದು ರತನ್‌ಗೆ ಸಿಟ್ಟು ಬಂತು.

“ನಿಂಗ್ ಎಂತ ಆಯಿತ್ತ್ ಅಮ್ಮ? ಅವ್ರ್ ನಮ್ಮಲ್ಲಿಗ್ ಬರ್ಲಿಲ್ಲ, ನೀನ್ ಅವ್ರಲ್ಲಿಗ್ ಹೋಪುದಾ?”

“ನನ್ ಮಗಳ್ ಅಲ್ಲಿಂದ ಉಪಾಸ ಬಂತ್” ಎಂದಳು ಕಮಲ. “ಅವ್ರ್ ಮಗಳ್ ನಮ್ಮಲ್ಲ್ ಉಂಡ್ ಹೋಯ್ಲಿ. ಆಗ ಕಾಂಬ.”

ನವ್ಯಶ್ರೀ ತಾನೂ ಬರುವೆನೆಂದಳು. ಅಮ್ಮ ಒಪ್ಪಲಿಲ್ಲ. ಹೇಳಿಕೆಗೆ ಹೋಗುವುದು ಹಿರಿಯರ ಕೆಲಸ. ಕಮಲ ಒಬ್ಬಳೇ ಬಸ್ಸು ಹತ್ತಿದಳು. ಬ್ರಹ್ಮಾವರದಲ್ಲಿ ಚಂದ್ರ ಅವರ ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಮನೆಯವರೆಲ್ಲ ಬರಬೇಕೆಂದಳು. ಬರುವಾಗ ಕುಂದಾಪುರದಲ್ಲಿ ಇಳಿದು ಯೋಗೀಶನ ಮನೆಗೂ ಹೇಳಿದಳು.

ಲಾನ್ ಶುಕ್ರವಾರದ ರೈಲಿಗೆ ಕೊಚ್ಚಿಗೆ ಹೋದಳು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ದಿವ್ಯಾ, ಯೋಗೀಶ್ ಮತ್ತು ಉಮಾವತಿ ಉಪ್ಪುಂದಕ್ಕೆ ಬಂದು ಊಟ ಮಾಡಿದರು. ಚಂದ್ರ ಬರಲಿಲ್ಲ.